ಚದುರಂಗದಲ್ಲಿ ಒಂದು ಕಾಲಾಳು ಕಡಿಮೆಯಿದ್ದರೂ ಆನೆಯ ಅಂತ್ಯದಾಟವನ್ನು ಡ್ರಾ ಮಾಡಿಕೊಳ್ಳಬಹುದೇ?

ಎರಡೂ ಕಡೆ ಒಂದೊಂದು ಆನೆ ಉಳಿದು, ಎದುರಾಳಿಗೆ ಒಂದು ಕಾಲಾಳು ಹೆಚ್ಚಿದ್ದರೆ ಸೋಲೊಪ್ಪಿಕೊಳ್ಳಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಒಪ್ಪಿಕೊಳ್ಳಬೇಡಿ. ದಾವಣಗೆರೆಯಲ್ಲಿ ನಡೆದ ಹಿರಿಯರ ಟೂರ್ನಿಯೊಂದರ ಕೊನೆಯ ಸುತ್ತಿನಲ್ಲಿ ನನಗೂ ಇದೇ ಸ್ಥಿತಿ ಬಂದಿತ್ತು. ಎದುರಿಗೆ ಕುಳಿತವರು ಚಿತ್ರದುರ್ಗದ ನಿವೃತ್ತ ಮೇಷ್ಟ್ರು, ರೇಟಿಂಗ್‌ನಲ್ಲಿ ನನಗಿಂತ ಬಹಳ ಮುಂದಿದ್ದವರು.

ಹಲಗೆಯ ಮನೆಗಳನ್ನು ಬಿಳಿಯವರ ಎಡದಿಂದ ಎ–ಎಚ್, ಅವರ ಕಡೆಯಿಂದ ಮೇಲಕ್ಕೆ 1–8 ಎಂದು ಗುರುತಿಸುತ್ತಾರೆ. ಅವರ ಬಿಳಿ ರಾಜ ಡಿ5ರಲ್ಲಿ, ಕಾಲಾಳು ಇ5ರಲ್ಲಿ, ಆನೆ ಎಚ್7ರಲ್ಲಿ ಇದ್ದವು. ನನ್ನ ರಾಜ ಕಾಲಾಳಿಗೆ ಎದುರಾಗಿ ಇ8ರಲ್ಲಿ, ಆನೆ ಎ6ರಲ್ಲಿ. ಆ ಆರನೇ ಸಾಲೇ ನಿಮ್ಮ ಪ್ರಶ್ನೆಗೆ ಉತ್ತರ. ಆನೆ ಅಲ್ಲಿರುವವರೆಗೆ ಬಿಳಿ ರಾಜ ಆ ಸಾಲಿಗೆ ಕಾಲಿಡುವಂತಿಲ್ಲವಾದ್ದರಿಂದ ನಾನು ಎ6, ಬಿ6 ಎಂದು ಅದನ್ನು ಅತ್ತಿತ್ತ ಆಡಿಸುತ್ತ ಕಾದೆ. ಫ್ರೆಂಚ್ ಆಟಗಾರ ಫಿಲಿಡೋರ್ 1777ರಲ್ಲೇ ವಿವರಿಸಿದ ರಕ್ಷಣೆಯಿದು. ಆದರೆ ಕಾಯುವುದೇ ಇಲ್ಲಿ ಕಷ್ಟದ ಕೆಲಸ. ಹಿಂದೆ ಎರಡು ಸಲ ತಾಳ್ಮೆಗೆಟ್ಟು ಬೇಗನೆ ಚೆಕ್ ಕೊಡಲು ಹೋಗಿ ಸೋತಿದ್ದೆ. ಆಗೆಲ್ಲ ರಾಜ ಇ6ಕ್ಕೆ ಏರಿ, ಬೆನ್ನ ಹಿಂದಿನ ತನ್ನ ಕಾಲಾಳಿನ ಮರೆಯಲ್ಲಿ ನಿಶ್ಚಿಂತೆಯಿಂದ ನಿಂತುಬಿಟ್ಟಿದ್ದ.

ಗೆಲ್ಲಲು ಹೊರಟವರು ಕೊನೆಗೆ ಕಾಲಾಳನ್ನು ಇ6ಕ್ಕೆ ತಳ್ಳಲೇಬೇಕು. ಮೇಷ್ಟ್ರೂ ಬಹಳ ಹೊತ್ತು ಯೋಚಿಸಿ ತಳ್ಳಿದರು. ತಳ್ಳಿದೊಡನೆ ರಾಜನ ಅಡಗುತಾಣ ಇಲ್ಲವಾಗುತ್ತದೆ, ಏಕೆಂದರೆ ಆ ಮನೆಯಲ್ಲಿ ಈಗ ಕಾಲಾಳೇ ನಿಂತಿದೆ. ತಕ್ಷಣ ಆನೆಯನ್ನು ಎ1ಕ್ಕೆ ಇಳಿಸಿದೆ. ರಾಜ ಡಿ6ಕ್ಕೆ ಬಂದರೆ ಡಿ1ರಿಂದ ಚೆಕ್, ಇ5ಕ್ಕೆ ಹಿಂದಿರುಗಿದರೆ ಇ1ರಿಂದ ಚೆಕ್. ಒಂದು ನಡೆ ಉದಾಸೀನ ಮಾಡಿದರೂ ಅವರ ಆನೆಯಿಂದ ಎಚ್8ರಲ್ಲಿ ನನಗೆ ಚೆಕ್‌ಮೇಟ್ ಆಗುತ್ತಿತ್ತು.

ನಮ್ಮದು 90 ನಿಮಿಷದ ಆಟ, ಪ್ರತಿ ನಡೆಗೂ 30 ಸೆಕೆಂಡ್ ಸೇರ್ಪಡೆ. ಆದ್ದರಿಂದ ಸಮಯ ಎಷ್ಟೇ ಕಡಿಮೆಯಿರಲಿ ನಡೆಗಳನ್ನು ಕೊನೆಯವರೆಗೂ ಬರೆಯಲೇಬೇಕು. ನನ್ನ ಬೆರಳು ನಡುಗಿ ಅಕ್ಷರಗಳು ಗೆರೆ ದಾಟುತ್ತಿದ್ದವು, ಆದರೆ ಆ ಹಾಳೆಯೇ ನನ್ನನ್ನು ಉಳಿಸಿತು. ಒಂದೇ ಸ್ಥಿತಿ ಮೂರು ಸಲ ಬಂದರೆ ಡ್ರಾ ಕೇಳಬಹುದು; ಹಾಗೆ ಅದೇ ಸ್ಥಿತಿ ಮೂರನೇ ಸಲ ಬರಲಿದೆ ಎಂದು ಗೊತ್ತಾದಾಗ ಆನೆಯನ್ನು ಮುಟ್ಟದೆ, ಡಿ1ರ ನಡೆಯನ್ನು ಹಾಳೆಯಲ್ಲಿ ಬರೆದು, ಗಡಿಯಾರ ನಿಲ್ಲಿಸಿ ತೀರ್ಪುಗಾರರನ್ನು ಕರೆದೆ. ಅವರು ಇಬ್ಬರ ಹಾಳೆಗಳನ್ನೂ ತಾಳೆ ನೋಡಿ ಡ್ರಾ ಎಂದರು.

ಈ ಕ್ರಮವನ್ನು ತಪ್ಪದೆ ನೆನಪಿಡಿ: ಮೊದಲು ಬರೆಯಬೇಕು, ಆಮೇಲೆ ಕೇಳಬೇಕು. ಕಾಯಿಯನ್ನು ಮುಟ್ಟಿದಿರೋ, ಆ ನಡೆಯ ಮಟ್ಟಿಗೆ ಡ್ರಾ ಕೇಳುವ ಹಕ್ಕು ಹೋಯಿತು.