ದಂಡು ಹಿಂದಿರುಗಿದ ಮೇಲೆ ಉಳಿದ ಗ್ರೀಕರು

ಮಾನ್ಯರೇ,

ಕಳೆದ ಸಂಚಿಕೆಯ ಲೇಖನವೊಂದರಲ್ಲಿ ‘ಅಲೆಕ್ಸಾಂಡರನು ಗ್ರೀಕ್ ಸಂಸ್ಕೃತಿಯನ್ನು ಪೂರ್ವದೇಶಗಳಲ್ಲಿ ಹರಡಿದನು’ ಎಂದು ಬಂದ ಮಾತಿಗೆ ನೀವು ಆಕ್ಷೇಪ ಎತ್ತಿದ್ದೀರಿ. ಕ್ರಿ.ಪೂ. 326ರಲ್ಲಿ ಬಿಯಾಸ್ ನದಿಯ ದಡದಿಂದ ಹಿಂದಿರುಗಿ, ಮೂರು ವರ್ಷಗಳಲ್ಲಿ ಬ್ಯಾಬಿಲೋನಿನಲ್ಲಿ ತೀರಿಕೊಂಡವನು ಲೂಟಿಯ ಹೊರತು ಇನ್ನೇನನ್ನು ಹರಡಿಯಾನು ಎಂದು ಕೇಳಿದ್ದೀರಿ. ಇದಕ್ಕೂ ನಮ್ಮ ನಾಡಿಗೂ ಏನಾದರೂ ನಂಟಿದೆಯೇ ಎಂದೂ ಬರೆದಿದ್ದೀರಿ. ಕೀರ್ತಿಯೆಲ್ಲ ಒಬ್ಬ ದೊರೆಗೆ ಸಲ್ಲಬಾರದು ಎಂಬ ನಿಮ್ಮ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ದಂಡು ಹೋದ ಮೇಲೆ ಏನೂ ಉಳಿಯಲಿಲ್ಲ ಎಂಬುದನ್ನು ಮಾತ್ರ ಒಪ್ಪಲಾರೆ.

ಗ್ರೀಕರು ಊರು ಬಿಟ್ಟು ಹೋಗತೊಡಗಿದ್ದು ಅಲೆಕ್ಸಾಂಡರನಿಗಿಂತ ನಾಲ್ಕು ಶತಮಾನ ಮೊದಲು. ಸಿಸಿಲಿಯ ಸಿರಾಕ್ಯೂಸ್, ಇಂದಿನ ಫ್ರಾನ್ಸಿನ ಮಾರ್ಸೇ, ಕಪ್ಪುಸಮುದ್ರದ ದಡದ ಹಲವು ಊರುಗಳು ಹೀಗೆ ಹುಟ್ಟಿದವು. ಈ ವಲಸೆಯ ಹಿಂದೆ ವ್ಯಾಪಾರವೂ ಇತ್ತು, ಉಳುವ ನೆಲದ ಕೊರತೆಯೂ ಇತ್ತು. ಥೇರಾ ದ್ವೀಪದಲ್ಲಿ ಏಳು ವರ್ಷ ಮಳೆಯಾಗದೆ, ಗ್ರೀಸಿನ ಪುಣ್ಯಕ್ಷೇತ್ರ ಡೆಲ್ಫಿಯ ದೈವವಾಣಿಯಂತೆ ಒಂದಿಷ್ಟು ಜನರನ್ನು ಲಿಬಿಯಾದ ಕಡೆಗೆ ಕಳಿಸಿದ ಪ್ರಸಂಗವನ್ನು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳುತ್ತಾನೆ. ಹೋದವರು ನೆಲೆ ಕಾಣದೆ ಹಿಂದಿರುಗಿದಾಗ, ಅವರ ಬಂಧುಬಳಗದವರೇ ದಡದಲ್ಲಿ ನಿಂತು ಹೊಡೆದು, ಹಡಗು ದಡ ಮುಟ್ಟದಂತೆ ತಡೆದು ಮರಳಿ ಅಟ್ಟಿದರಂತೆ. ಅವರು ಕೊನೆಗೆ ಲಿಬಿಯಾದಲ್ಲಿ ಕಟ್ಟಿದ ಸೈರೀನ್ ನಗರ ಶತಮಾನಗಳ ಕಾಲ ಬಾಳಿತು. ಇಂಥವರನ್ನು ಸಂಸ್ಕೃತಿಯ ಪ್ರಚಾರಕರು ಎನ್ನಲು ನನಗೆ ಮನಸ್ಸು ಬಾರದು. ಅವರು ಹೊಟ್ಟೆಪಾಡಿಗೆ ಹೋದವರು, ತಮ್ಮ ದೇವರನ್ನೂ ನುಡಿಯನ್ನೂ ಜೊತೆಗೆ ಒಯ್ದವರು.

ಅಲೆಕ್ಸಾಂಡರನ ನಂತರದ ಕಾಲಕ್ಕೆ ಬಂದರೆ, ಉತ್ತರ ಅಫ್ಘಾನಿಸ್ತಾನದಲ್ಲಿ ಅಮು ದರಿಯಾ ಮತ್ತು ಕೊಕ್ಚಾ ನದಿಗಳ ಸಂಗಮದಲ್ಲಿರುವ ಐ ಖಾನುಮ್ ನಿಮ್ಮ ಪ್ರಶ್ನೆಗೆ ಒಳ್ಳೆಯ ಉತ್ತರ. ಫ್ರೆಂಚ್ ಪುರಾತತ್ತ್ವಜ್ಞರು 1960 ಮತ್ತು 70ರ ದಶಕಗಳಲ್ಲಿ ಅಲ್ಲಿ ಉತ್ಖನನ ನಡೆಸಿದಾಗ ಬಯಲು ರಂಗಮಂದಿರ ಮತ್ತು ಯುವಕರ ಅಂಗಸಾಧನೆಗೂ ಶಿಕ್ಷಣಕ್ಕೂ ಮೀಸಲಾದ ಜಿಮ್ನೇಸಿಯಂ ಸಹಿತವಾದ ನಗರವೇ ಬೆಳಕಿಗೆ ಬಂತು. ಕಿನಿಯಾಸ್ ಎಂಬವನ ಸಮಾಧಿಯ ಆವರಣದ ಕಲ್ಲೊಂದರಲ್ಲಿ, ಕ್ಲಿಯಾರ್ಕಸ್ ಎಂಬವನು ಡೆಲ್ಫಿಯ ನೀತಿವಾಕ್ಯಗಳನ್ನು ಶ್ರದ್ಧೆಯಿಂದ ನಕಲು ಮಾಡಿಕೊಂಡು ಬಂದು ಇಲ್ಲಿ ನಿಲ್ಲಿಸಿದನೆಂಬ ಒಕ್ಕಣೆಯಿದೆ. ಬಾಲ್ಯದಲ್ಲಿ ವಿನಯ, ಯೌವನದಲ್ಲಿ ಸಂಯಮ, ನಡುವಯಸ್ಸಿನಲ್ಲಿ ನ್ಯಾಯ, ಮುಪ್ಪಿನಲ್ಲಿ ಸದಾಲೋಚನೆ, ಸಾಯುವಾಗ ದುಃಖವಿಲ್ಲದಿರುವುದು ಎಂಬ ಐದು ಮಾತುಗಳು ಅದರಲ್ಲಿ ಉಳಿದಿವೆ. ಡೆಲ್ಫಿಯಿಂದ ಅಲ್ಲಿಗೆ 4000 ಕಿಲೋಮೀಟರಿಗೂ ಮೀರಿದ ದಾರಿ. ಹಾಗೆಂದು ಆ ನಗರ ಗ್ರೀಸಿನ ಪಡಿಯಚ್ಚೇನೂ ಆಗಿರಲಿಲ್ಲ. ಅಲ್ಲಿನ ಮುಖ್ಯ ದೇವಾಲಯದ ದಪ್ಪ ಇಟ್ಟಿಗೆ ಗೋಡೆಗಳೂ ಮೆಟ್ಟಿಲು ಮೆಟ್ಟಿಲಾದ ಗೂಡುಗಳೂ ಮೆಸೊಪೊಟೇಮಿಯಾ ಮತ್ತು ಇರಾನಿನ ಕಡೆಯ ಶೈಲಿಯವು. ಒಳಗಿನ ಮೂರ್ತಿಯಲ್ಲಿ ಉಳಿದಿರುವ ಪಾದವೊಂದಕ್ಕೆ ಗ್ರೀಕ್ ಪಾದರಕ್ಷೆ, ಅದರ ಮೇಲೆ ವಜ್ರಾಯುಧದ ಗುರುತು.

ಆದರೆ ಈ ಸಮಾಜದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನು ಮುಚ್ಚಿಡಬಾರದು. ಅಲೆಕ್ಸಾಂಡರನ ನಂತರ ಈಜಿಪ್ಟನ್ನು ಆಳಿದ ಗ್ರೀಕ್ ರಾಜವಂಶವಾದ ಟಾಲೆಮಿಗಳ ಕಾಲದಲ್ಲಿ, ಕ್ರಿ.ಪೂ. 3ನೆಯ ಶತಮಾನದ ನಡುವಿನಲ್ಲಿ, ಜೆನಾನ್ ಎಂಬ ಅಧಿಕಾರಿಗೆ ಒಂಟೆಗಳ ಕೆಲಸದಲ್ಲಿದ್ದ ಗ್ರೀಕೇತರನೊಬ್ಬ ಬರೆಸಿದ ಅರ್ಜಿಯೊಂದು ಪಪೈರಸ್ ಹಾಳೆಯಲ್ಲಿ ಸಿಕ್ಕಿದೆ. ತನಗೆ ಸಂಬಳ ಸರಿಯಾಗಿ ಕೊಡುತ್ತಿಲ್ಲ, ತಾನು ಪರಕೀಯನೆಂದು, ಗ್ರೀಕರಂತೆ ನಡೆಯಲು ಬಾರದವನೆಂದು ಕೀಳಾಗಿ ಕಾಣುತ್ತಾರೆ ಎಂಬುದು ಅವನ ದೂರು. ಆ ದೂರನ್ನೂ ಅವನು ಗ್ರೀಕ್ ಭಾಷೆಯಲ್ಲೇ ಸಲ್ಲಿಸಬೇಕಾಗಿತ್ತು. ಗ್ರೀಕ್ ಸಂಸ್ಕೃತಿಯ ಹಿರಿಮೆಯನ್ನು ಹೊಗಳುವಾಗ ಈ ಮನುಷ್ಯನನ್ನು ಮರೆಯುವುದು ಅನ್ಯಾಯ. ಜೆರುಸಲೇಮಿನಲ್ಲಿ ಜಿಮ್ನೇಸಿಯಂ ಕಟ್ಟಿದ್ದು ಅಲ್ಲಿನ ಧರ್ಮನಿಷ್ಠರನ್ನು ಕೆರಳಿಸಿತು. ಕೆಲವೇ ವರ್ಷಗಳಲ್ಲಿ, ಅಲೆಕ್ಸಾಂಡರನ ಸೇನಾನಿ ಸೆಲ್ಯೂಕಸನ ವಂಶದ, ಅಂದರೆ ಸೆಲ್ಯೂಸಿಡ್ ದೊರೆ ಯೆಹೂದಿ ಆಚರಣೆಗಳನ್ನೇ ನಿಷೇಧಿಸಿದಾಗ, ಮಕಾಬಿಯರೆಂಬ ಯೆಹೂದಿ ಮನೆತನದ ಬಂಡಾಯ ಎದ್ದಿತು.

ಇನ್ನು ನಮ್ಮ ನಾಡಿನ ನಂಟು. ಸೆಲ್ಯೂಕಸನು ಚಂದ್ರಗುಪ್ತ ಮೌರ್ಯನಿಗೆ ಬಿಟ್ಟುಕೊಟ್ಟ ಪ್ರದೇಶದಲ್ಲಿ ಕಂದಹಾರವೂ ಸೇರಿತ್ತು. ಅಲ್ಲಿ ಗ್ರೀಕ್ ಆಳ್ವಿಕೆ ಮುಗಿದು ಎರಡು ತಲೆಮಾರು ಕಳೆದ ಮೇಲೂ ಅಶೋಕನು ತನ್ನ ಶಾಸನಗಳನ್ನು ಗ್ರೀಕ್ ಭಾಷೆಯಲ್ಲಿ ಹಾಕಿಸಿದ್ದಾನೆ. ಓದುವ ಜನ ಇದ್ದುದರಿಂದಲೇ ಹಾಕಿಸಿದ. 1963ರಲ್ಲಿ ಸಿಕ್ಕಿದ ಕಲ್ಲಿನಲ್ಲಿ ಹನ್ನೆರಡನೆಯ ಶಿಲಾಶಾಸನದ ಕೊನೆಯ ಭಾಗವೂ ಹದಿಮೂರನೆಯದರ ಮೊದಲ ಭಾಗವೂ ಇವೆ. ಪರರ ಮತವನ್ನು ಹಳಿಯಬೇಡಿ, ನಾಲಗೆಯ ಮೇಲೆ ಹಿಡಿತವಿರಲಿ ಎನ್ನುವ ಅದೇ ಹನ್ನೆರಡನೆಯ ಶಾಸನ ಕಲಬುರಗಿ ಜಿಲ್ಲೆಯ ಸನ್ನತಿಯ ಚಪ್ಪಡಿಯಲ್ಲಿ ಬ್ರಾಹ್ಮೀ ಲಿಪಿಯ ಪ್ರಾಕೃತದಲ್ಲಿದೆ. ಭೀಮಾ ತೀರದವರೂ ಕಂದಹಾರದ ಗ್ರೀಕರೂ ಒಂದೇ ರಾಜಾಜ್ಞೆಯನ್ನು ತಮತಮಗೆ ತಲುಪಿದ ಭಾಷೆಯಲ್ಲಿ ಕೇಳಿಸಿಕೊಂಡಿದ್ದರು.

ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ಸಿನ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತುಗಳಿವೆಯೆಂಬ ವಾದ ನಿಮಗೂ ಗೊತ್ತಿರಬಹುದು. ವಿದ್ವಾಂಸರಾದ ಹುಲ್ಟ್ಶ್ ಮತ್ತು ಆರ್. ಶಾಮಶಾಸ್ತ್ರಿಗಳು ಹಾಗೆ ಓದಿದರು, ಬೇರೆ ವಿದ್ವಾಂಸರು ಒಪ್ಪಲಿಲ್ಲ. ಸನ್ನತಿಯಂಥ ಗಟ್ಟಿ ಆಧಾರ ಕೈಯಲ್ಲಿರುವಾಗ ಆ ವಿವಾದದ ಮೇಲೆ ಭಾರ ಹಾಕುವುದು ನನಗೆ ಸರಿಯೆನಿಸುವುದಿಲ್ಲ.