ದಿನಾ ಬಸ್ಕಿ ಹೊಡೆದರೂ ಜಂಪ್ ಯಾಕೆ ಏರುತ್ತಿಲ್ಲ?

ಪ್ರಶ್ನೆ: ನನಗೆ 19 ವರ್ಷ, ಊರು ಗುಬ್ಬಿ ಹತ್ತಿರ. ತುಮಕೂರಿನಲ್ಲಿ ಓದುತ್ತಿದ್ದೇನೆ. ಕಾಲೇಜು ವಾಲಿಬಾಲ್ ತಂಡದಲ್ಲಿ ಸ್ಮ್ಯಾಶ್ ಹೊಡೆಯುವವನು ನಾನು. ಬಲಗೈ ಆಟ, ಎತ್ತರ 5 ಅಡಿ 8 ಇಂಚು. ಜಂಪ್ ಸಾಲದೆ ಚೆಂಡು ನೆಟ್‌ಗೇ ಬಡಿಯುತ್ತದೆ. ದಿನಾ ಬೆಳಗ್ಗೆ 200 ಬಸ್ಕಿ ಹೊಡೆಯುತ್ತೇನೆ, ಸಂಜೆ ಸಿಮೆಂಟ್ ನೆಲದ ಮೇಲೆ ಜಿಗಿಯುತ್ತೇನೆ. ಜಂಪ್ ಏರಿಲ್ಲ, ಮಂಡಿಚಿಪ್ಪಿನ ಕೆಳಗೆ ನೋವು ಶುರುವಾಗಿದೆ. ಏನು ಮಾಡಲಿ?

ಉತ್ತರ: ಮೊದಲು ಎತ್ತರದ ಚಿಂತೆ ಬಿಡಿ. ಗಂಡಸರ ನೆಟ್ 2.43 ಮೀಟರ್. ನಿಮ್ಮ ಎತ್ತರದವರು ನಿಂತು ಕೈ ಚಾಚಿದರೆ ಸುಮಾರು 2.2 ಮೀಟರ್ ಮುಟ್ಟುತ್ತಾರೆ. ಇನ್ನು ಅರ್ಧ ಮೀಟರ್ ಹಾರಿದರೆ ಅಂಗೈ ನೆಟ್ ಮೇಲೆ ಬರುತ್ತದೆ. ನಿಮ್ಮ ವಯಸ್ಸಿನಲ್ಲಿ ಇದು ಖಂಡಿತ ಆಗುವ ಮಾತು.

200 ಬಸ್ಕಿ ಕಾಲಿಗೆ ತಾಳಿಕೆ ಕೊಡುತ್ತದೆ, ಚಿಮ್ಮುವ ವೇಗ ಕೊಡುವುದಿಲ್ಲ. ಪಾದ ನೆಲ ಬಿಡುವಾಗ ಮೈ ಎಷ್ಟು ವೇಗವಾಗಿ ಮೇಲೇಳುತ್ತಿದೆಯೋ ಅಷ್ಟು ಎತ್ತರ ಹೋಗುತ್ತೀರಿ. ಆ ವೇಗ ಬರುವುದು ಕೊನೆಯ ಎರಡು ಹೆಜ್ಜೆಯಲ್ಲಿ. ಮಹಾತ್ಮ ಗಾಂಧಿ ಕ್ರೀಡಾಂಗಣಕ್ಕೆ ಬರುವ ಹುಡುಗರಲ್ಲೂ ನಾನು ಜಾಸ್ತಿ ತಿದ್ದುವುದು ಇದನ್ನೇ.

ಬಲಗೈ ಆಟಗಾರರ ಹೆಜ್ಜೆ ಎಡ, ಬಲ, ಎಡ. ಮೊದಲನೆಯದು ಚಿಕ್ಕದು, ನಿಧಾನ. ಎರಡನೆಯದು ಉದ್ದ, ರಭಸದ್ದು. ಬಲಗಾಲಿನ ಹಿಮ್ಮಡಿ ಮೊದಲು ನೆಲಕ್ಕೆ ತಾಗಬೇಕು, ಸೊಂಟ ಇಳಿಯಬೇಕು, ಅದೇ ಹೊತ್ತಿಗೆ ಎರಡೂ ಕೈ ಹಿಂದಕ್ಕೆ ಹೋಗಿರಬೇಕು. ತಕ್ಷಣ ಎಡಗಾಲು ಸ್ವಲ್ಪ ಮುಂದೆ ಬಂದು, ಬೆರಳು ಒಳಗೆ ತಿರುಗಿ, ಅಡ್ಡಗಟ್ಟಿದ ಹಾಗೆ ಊರಬೇಕು. ಮುಂದಕ್ಕೆ ಓಡುತ್ತಿದ್ದ ವೇಗ ಅಲ್ಲಿ ಮೇಲಕ್ಕೆ ತಿರುಗುತ್ತದೆ. ಇದನ್ನು ತಿರುವುಮುರುವು ಮಾಡಿ ಕೊನೆಯ ಹೆಜ್ಜೆ ಉದ್ದ ಹಾಕಿದರೆ ಮೇಲೆ ಹೋಗುವ ಬದಲು ನೆಟ್‌ಗೆ ಹೋಗಿ ಬೀಳುತ್ತೀರಿ. ಗೆಳೆಯನೊಬ್ಬನನ್ನು ಕಣ್ಣು ಮುಚ್ಚಿ ನಿಲ್ಲಿಸಿ, ಹೆಜ್ಜೆ ಸದ್ದು ಕೇಳಿಸಿಕೊಳ್ಳಲು ಹೇಳಿ. 'ಟಕ್... ಟಟಕ್' ಅಂತ ಕೇಳಿದರೆ ಸರಿ. ಮೂರೂ ಒಂದೇ ಅಂತರದಲ್ಲಿ ಕೇಳಿದರೆ ಚೆಂಡು ಪಕ್ಕಕ್ಕಿಟ್ಟು ಬರೀ ಹೆಜ್ಜೆ ಅಭ್ಯಾಸ ಮಾಡಿ.

ಕೈಯನ್ನು ಸುಮ್ನೆ ಅಲ್ಲಾಡಿಸಿದರೆ ಸಾಲದು. ಚೆನ್ನಾಗಿ ಬೀಸಿದರೆ ಜಂಪ್ ಶೇ 10ರಷ್ಟು, ಕೆಲವರಿಗೆ ಅದಕ್ಕಿಂತ ಜಾಸ್ತಿಯೇ ಏರುತ್ತದೆ. ಒಮ್ಮೆ ಸೊಂಟದ ಮೇಲೆ ಕೈಯಿಟ್ಟು ಹಾರಿ, ಇನ್ನೊಮ್ಮೆ ಬೀಸಿ ಹಾರಿ, ನಿಮಗೇ ಗೊತ್ತಾಗುತ್ತದೆ. ಇನ್ನು, ಪೂರ್ತಿ ಬಸ್ಕಿಯಷ್ಟು ಕೆಳಗೆ ಇಳಿಯಬೇಡಿ. ಇಳಿದ ಮೇಲೆ ನಿಲ್ಲಲೂ ಬೇಡಿ. ಹಿಗ್ಗಿದ ಸ್ನಾಯು ತಕ್ಷಣ ಚಿಮ್ಮಿದರೇ ಬಲ, ತಡ ಮಾಡಿದರೆ ಆ ಶಕ್ತಿ ಸೋರಿಹೋಗುತ್ತದೆ.

ಈಗ ನೋವಿನ ವಿಷಯ. ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಜಾಸ್ತಿ ಜಿಗಿಯುವವರಿಗೆ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ಹೀಗೆಯೇ ನೋಯುತ್ತದೆ. ಸಿಮೆಂಟ್ ನೆಲ ಇವತ್ತೇ ಬಿಡಿ, ಮಣ್ಣಿನ ಅಂಗಳಕ್ಕೆ ಬನ್ನಿ. ಎರಡು ವಾರ ಜಂಪ್ ನಿಲ್ಲಿಸಿ, ಹೆಜ್ಜೆಯನ್ನು ಮಾತ್ರ ನಡೆಯುತ್ತಾ ಕಲಿಯಿರಿ. ಅಷ್ಟರಲ್ಲೂ ಕಡಿಮೆಯಾಗದಿದ್ದರೆ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.

ಮತ್ತೆ ಶುರು ಮಾಡಿದಾಗ ಇಳಿಯುವುದನ್ನೇ ಮೊದಲು ಕಲಿಯಿರಿ. ಎರಡೂ ಪಾದದ ಮೇಲೆ, ಮುಂಗಾಲು ಮೊದಲು ತಾಗಿ, ಮಂಡಿ ಮಡಿಸಿ, ಸದ್ದಾಗದಂತೆ. ಎದುರಿನಿಂದ ಮೊಬೈಲ್‌ನಲ್ಲಿ ವಿಡಿಯೋ ಮಾಡಿಸಿ ನೋಡಿ. ಮಂಡಿಗಳು ಒಳಗೆ ಬಾಗಿ ಒಂದಕ್ಕೊಂದು ಹತ್ತಿರ ಬರುತ್ತಿದ್ದರೆ ತಿದ್ದಿಕೊಳ್ಳಲೇಬೇಕು. ಹಾಗೆ ಬಾಗಿದರೆ ಮಂಡಿಯೊಳಗಿನ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಹರಿಯಬಹುದು. ಈ ಅಪಾಯ ಹುಡುಗಿಯರಿಗೆ ಇನ್ನೂ ಜಾಸ್ತಿ, ಹಾಗಾಗಿ ನಿಮ್ಮ ಕಾಲೇಜಿನ ಹುಡುಗಿಯರ ತಂಡಕ್ಕೂ ಇದನ್ನು ಹೇಳಿ.

ಜೋರು ಜಂಪ್ ವಾರಕ್ಕೆ ಎರಡು ದಿನ ಸಾಕು, ನಡುವೆ ಕನಿಷ್ಠ 48 ಗಂಟೆ ಬಿಡುವಿರಲಿ. ಆ ದಿನಗಳಲ್ಲಿ ತಲಾ 30-40 ಜಂಪ್, ಪ್ರತಿಯೊಂದೂ ಪೂರ್ತಿ ಶಕ್ತಿಯಿಂದ, ನಡುನಡುವೆ ಸುಧಾರಿಸಿಕೊಂಡು. 200 ಬಸ್ಕಿ ಬದಲು ಕೋಚ್ ಕಣ್ಣೆದುರು ಭಾರ ಹೊತ್ತು ಐದಾರು ಸಲ ಮಾಡಿ. ತಿಂಗಳಿಗೊಮ್ಮೆ ಬೆರಳಿಗೆ ಸೀಮೆಸುಣ್ಣ ಹಚ್ಚಿ ಗೋಡೆ ಮೇಲೆ ಗುರುತು ಮಾಡಿ. ನಿಂತು ಮುಟ್ಟಿದ್ದು ಒಂದು, ಹಾರಿ ಮುಟ್ಟಿದ್ದು ಇನ್ನೊಂದು. ನಡುವಿನ ಅಂತರವೇ ನಿಮ್ಮ ಜಂಪ್.