ಕೆಲಸ ಹುಡುಕುವಾಗ ಫೇಸ್‌ಬುಕ್ ಅಳಿಸಬೇಕಾ?

ಪ್ರಶ್ನೆ: ಮೇಡಂ, ನಾನು ಗಿಣಿಗೇರಿ ಹತ್ತಿರದ ಒಂದು ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್‌ನಲ್ಲಿದ್ದೇನೆ. ಡಿಪ್ಲೊಮಾ ಆಗಿದೆ. ತೋರಣಗಲ್ಲು ಕಡೆ ದೊಡ್ಡ ಸ್ಟೀಲ್ ಪ್ಲಾಂಟ್‌ಗೆ ಹೋಗುವ ಆಸೆ. ಇಂಟರ್‌ವ್ಯೂಗೆ ಮುಂಚೆ ಫೇಸ್‌ಬುಕ್ ನೋಡ್ತಾರೆ ಅಂತ ಗೆಳೆಯರು ಹೆದರಿಸಿದ್ದಾರೆ. ನನ್ನದರಲ್ಲಿ ಕಾಲೇಜು ದಿನಗಳ ಫ್ಯಾನ್ ಜಗಳ, ಚುನಾವಣೆ ಟೈಮಿನ ಬೈಗುಳ ಎಲ್ಲ ಇವೆ. ಈಗಿನ ಮ್ಯಾನೇಜರ್ ಕೂಡ ಫ್ರೆಂಡ್ ಲಿಸ್ಟ್‌ನಲ್ಲಿದ್ದಾರೆ. ಅಕೌಂಟೇ ಡಿಲೀಟ್ ಮಾಡಿಬಿಡಲಾ?
– ಹೆಸರು ಬೇಡ, ಕೊಪ್ಪಳ

ಉತ್ತರ: ಬೇಡ. ನಿಮ್ಮ ಹೆಸರು ಹುಡುಕುವವರು ಮೊದಲು ನೋಡುವುದು, ಈ ಮನುಷ್ಯ ಅರ್ಜಿಯಲ್ಲಿ ಬರೆದ ಮನುಷ್ಯನೇ ಹೌದಾ ಅಂತ. ಏನೂ ಸಿಗದಿದ್ದರೆ ಅದರಿಂದ ನಿಮಗೆ ಲಾಭವಿಲ್ಲ. ಮಾರ್ಕ್ಸ್ ಕಾರ್ಡ್‌ನಲ್ಲಿ ಒಂದು ಹೆಸರು, ಫೇಸ್‌ಬುಕ್‌ನಲ್ಲಿ ಹೀರೋ ಹೆಸರು ಸೇರಿಸಿಕೊಂಡ ಇನ್ನೊಂದು ಹೆಸರು ಇದ್ದರೆ ಅದನ್ನು ಇವತ್ತೇ ಸರಿ ಮಾಡಿ.

ಹಳೇ ಪೋಸ್ಟುಗಳನ್ನು ಒಂದೊಂದಾಗಿ ಹುಡುಕುತ್ತಾ ಕೂರಬೇಕಿಲ್ಲ. ಸೆಟ್ಟಿಂಗ್ಸ್‌ನಲ್ಲಿ 'ಲಿಮಿಟ್ ಪಾಸ್ಟ್ ಪೋಸ್ಟ್ಸ್' ಅಂತ ಇದೆ, ಅದನ್ನು ಒತ್ತಿದರೆ ಊರಿಗೆಲ್ಲ ಕಾಣುತ್ತಿದ್ದ ಹಳೇ ಪೋಸ್ಟುಗಳು ಫ್ರೆಂಡ್ಸ್‌ಗೆ ಮಾತ್ರ ಕಾಣುತ್ತವೆ. ಆದರೆ ಬೇರೆಯವರ ಪೇಜಿನಲ್ಲಿ ನೀವು ಬರೆದ ಕಾಮೆಂಟುಗಳು ಇದರಲ್ಲಿ ಹೋಗುವುದಿಲ್ಲ, ಮತ್ತು ಬೈಗುಳ ಜಾಸ್ತಿ ಇರುವುದು ಅಲ್ಲೇ ಅಲ್ವಾ? ಆಕ್ಟಿವಿಟಿ ಲಾಗ್‌ಗೆ ಹೋಗಿ ಕಾಮೆಂಟ್ಸ್ ತೆಗೆದು ನೀವೇ ಅಳಿಸಬೇಕು. ಒಂದು ಭಾನುವಾರ ಇದಕ್ಕೇ ಇಡಿ.

ಇದಕ್ಕಿಂತ ನನಗೆ ಚಿಂತೆ ಇರುವುದು ನಿಮ್ಮ ಫೋಟೋಗಳ ಬಗ್ಗೆ. ಫ್ಯಾಕ್ಟರಿ ಹುಡುಗರ ಪ್ರೊಫೈಲ್‌ಗಳಲ್ಲಿ ಒಂದು ಫೋಟೋ ಇದ್ದೇ ಇರುತ್ತದೆ: ನೈಟ್ ಶಿಫ್ಟ್, ಪ್ಯಾನೆಲ್ ಬಾಗಿಲು ತೆರೆದಿದೆ, ತಲೆ ಮೇಲೆ ಹೆಲ್ಮೆಟ್ ಇಲ್ಲ, ಕೈಗೆ ಗ್ಲೌಸ್ ಇಲ್ಲ, ಕಾಲಲ್ಲಿ ಚಪ್ಪಲಿ, ಮುಖದಲ್ಲಿ ನಗು. ನಿಮಗೆ ಅದು ಸುಮ್ನೆ ಒಂದು ಸೆಲ್ಫಿ. ಕರೆಂಟಿನ ಕೆಲಸಕ್ಕೆ ಆಳು ಆರಿಸುವ ಎಂಜಿನಿಯರ್‌ಗೆ ಅದರಲ್ಲಿ ಮುಂದಿನ ಅಪಘಾತ ಕಾಣುತ್ತದೆ. ಫ್ಯಾನ್ ಜಗಳವನ್ನು ವಯಸ್ಸಿನ ಆಟ ಅಂತ ಬಿಡಬಹುದು, ಇದನ್ನು ಬಿಡುವುದಿಲ್ಲ, ಬಿಡಲೂಬಾರದು. ಜೊತೆಗೆ ಹಿಂದಿನ ಗೋಡೆಯ ಮೇಲೆ ಡ್ರಾಯಿಂಗ್, ಸ್ಕ್ರೀನ್ ಮೇಲೆ ರೀಡಿಂಗ್ ಕಾಣುತ್ತಿದ್ದರೆ, ಇವರು ನಮ್ಮ ಪ್ಲಾಂಟಿನ ಒಳಗಿನದ್ದನ್ನೂ ಹೀಗೇ ಹಾಕುತ್ತಾರೆ ಅಂದುಕೊಳ್ಳುತ್ತಾರೆ. ಅಂಥ ಫೋಟೋ ಎಲ್ಲ ತೆಗೆಯಿರಿ. ಮುಂದೆ ಪ್ಯಾನೆಲ್ ಮುಟ್ಟುವಾಗ ಗ್ಲೌಸ್ ಹಾಕಿ, ಅದು ಫೋಟೋಗಾಗಿ ಅಲ್ಲ.

ಮ್ಯಾನೇಜರ್ ವಿಷಯ. ಅನ್‌ಫ್ರೆಂಡ್ ಮಾಡಿದರೆ ಅನುಮಾನ ಬರುತ್ತದೆ, ಹಾಗೇ ಇರಲಿ. ಕೆಲಸ ಹುಡುಕುವುದನ್ನು ಉದ್ಯೋಗದ ಸಂಪರ್ಕಕ್ಕೆಂದೇ ಇರುವ ಲಿಂಕ್ಡ್‌ಇನ್ ಎಂಬ ಜಾಲತಾಣದಲ್ಲಿ ಮಾಡಿ. ಅಲ್ಲಿ ಪ್ರೊಫೈಲ್ ತಿದ್ದುವ ಮುಂಚೆ ನೆಟ್‌ವರ್ಕ್‌ಗೆ ತಿಳಿಸುವ ಬಟನ್ ಆಫ್ ಮಾಡಿ. ಕೆಲಸ ಹುಡುಕುತ್ತಿದ್ದೇನೆ ಅಂತ ತಿಳಿಸುವ 'ಓಪನ್ ಟು ವರ್ಕ್' ಹಾಕುವಾಗ 'ರಿಕ್ರೂಟರ್ಸ್ ಓನ್ಲಿ' ಆರಿಸಿ, ಎಲ್ಲರಿಗೂ ಅಂತ ಕೊಟ್ಟರೆ ನಿಮ್ಮ ಫೋಟೋ ಸುತ್ತ ಹಸಿರು ಪಟ್ಟಿ ಬಂದುಬಿಡುತ್ತದೆ. ಈಗಿನ ಕಂಪನಿಯವರಿಗೆ ಖಂಡಿತ ಗೊತ್ತಾಗುವುದಿಲ್ಲ ಅಂತ ಲಿಂಕ್ಡ್‌ಇನ್ ಕೂಡ ಗ್ಯಾರಂಟಿ ಕೊಡುವುದಿಲ್ಲ, ಅದು ತಲೆಯಲ್ಲಿರಲಿ.

ಆಮೇಲೆ ಮಾಡಿದ ಕೆಲಸ ಬರೆಯಿರಿ. 'ಹಾರ್ಡ್ ವರ್ಕರ್' ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಎಷ್ಟು ಹಾರ್ಸ್‌ಪವರ್ ಮೋಟರ್‌ವರೆಗೆ ನೋಡಿಕೊಳ್ಳುತ್ತೀರಿ, ಮೋಟರ್ ವೇಗ ನಿಯಂತ್ರಿಸುವ ಡ್ರೈವ್ ಟ್ರಿಪ್ ಆಗಿ ನಿಂತರೆ ಒಬ್ಬರೇ ಸರಿ ಮಾಡುತ್ತೀರಾ, ಎಲೆಕ್ಟ್ರಿಕಲ್ ಕೆಲಸದ ಮೇಲ್ವಿಚಾರಣೆಗೆ ಸರ್ಕಾರ ಕೊಡುವ ಸೂಪರ್‌ವೈಸರ್ ಪರ್ಮಿಟ್ ಇದೆಯಾ, ಇವು ಬೇಕು. ಕನ್ನಡದಲ್ಲಿ ಯೋಚಿಸಿ ಸಣ್ಣ ಇಂಗ್ಲಿಷ್ ವಾಕ್ಯದಲ್ಲಿ ಬರೆದರೂ ಸಾಕು.

ಪ್ರಶ್ನೆ: ಬಿ.ಕಾಂ. ಮುಗಿಸಿದ್ದೇನೆ. 'ಕೆಲಸ ಬೇಕು' ಅಂತ ಮೊಬೈಲ್ ನಂಬರ್ ಸಮೇತ ಗ್ರೂಪುಗಳಲ್ಲಿ ಹಾಕಿದ್ದೆ. ಈಗ ಡೇಟಾ ಎಂಟ್ರಿ ಕೆಲಸ ಕೊಡ್ತೀವಿ, ರಿಜಿಸ್ಟ್ರೇಷನ್ ಫೀಸ್ ಕಟ್ಟಿ ಅಂತ ದಿನಾ ಫೋನು.
– ಓದುಗರು, ಸಿಂಧನೂರು

ಉತ್ತರ: ಒಂದು ರೂಪಾಯಿ ಕೂಡ ಕಟ್ಟಬೇಡಿ. ನಿಜವಾಗಿ ಕೆಲಸ ಕೊಡುವ ಕಂಪನಿ ಸಂಬಳ ಕೊಡುತ್ತದೆ, ನಿಮ್ಮಿಂದ ಫೀಸ್ ಕೇಳುವುದಿಲ್ಲ. ಈಗಾಗಲೇ ದುಡ್ಡು ಕಳಿಸಿದ್ದರೆ ನಾಳೆ ನೋಡೋಣ ಅನ್ನಬೇಡಿ, ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಆ ಪೋಸ್ಟುಗಳನ್ನು ಅಳಿಸಿ. ನಮ್ಮ ಕಡೆ ಬಯೋಡೇಟಾದಲ್ಲಿ ತಂದೆ ಹೆಸರು, ಮನೆ ವಿಳಾಸ, ಆಧಾರ್ ನಂಬರ್ ಎಲ್ಲ ತುಂಬುವ ರೂಢಿ ಇದೆ. ಎಲ್ಲರಿಗೂ ಕಾಣುವ ಪ್ರತಿಯಲ್ಲಿ ಊರು, ಓದು, ಕಲಿತ ಕೆಲಸ, ಮತ್ತು ಉದ್ಯೋಗಕ್ಕೆಂದೇ ತೆರೆದ ಒಂದು ಇಮೇಲ್ ಇದ್ದರೆ ಸಾಕು. ಉಳಿದದ್ದನ್ನು ಕಂಪನಿ ಯಾವುದು ಅಂತ ಖಾತ್ರಿಯಾದ ಮೇಲೆ, ಅವರು ಕೇಳಿದರೆ ಕೊಡಿ.